ಸುಳ್ಳರಿ ಅಂದವನ ಅಣ್ಣ

ಮೊನ್ನೆ ಮೊಮ್ಮಗಳಿಗೆ ಶಾಲೆಯ ಯಾವುದೋ ಕೆಲಸಕ್ಕೆ ಅಂಟು ಬೇಕಾಗಿತ್ತು. ಮನೆಯಲ್ಲಿದ್ದ ಬಾಟಲಿ ಒಣಗಿ ಕಲ್ಲಾಗಿತ್ತು. ನನ್ನ ಹೆಂಡತಿ ಗೋಧಿ ಹಿಟ್ಟನ್ನು ನೀರಲ್ಲಿ ಕಲಸಿ ಒಲೆಯ ಮೇಲಿಟ್ಟು ಕುದಿಸಿದಳು. ಆ ಬಿಸಿ ವಾಸನೆ ಮೂಗಿಗೆ ಬಡಿದದ್ದೇ ತಡ, ಕೈಯಲ್ಲಿದ್ದ ಪೇಪರು ಕೈಯಲ್ಲೇ ಉಳಿಯಿತು. ನಾನು ಮಾತ್ರ ಎಂಬತ್ತರ ದಶಕದ ನವಲಗುಂದಕ್ಕೆ, ವಿರೂಪಾಕ್ಷಪ್ಪ ವಕೀಲರ ಪಡಸಾಲೆಗೆ ಹೋಗಿಬಿಟ್ಟಿದ್ದೆ.

ಅದು ನಮ್ಮ ಆಫೀಸು. ಹಾಗೆಂದರೆ ನೀವು ಗಾಜಿನ ಬಾಗಿಲು, ತಿರುಗುವ ಕುರ್ಚಿ ಎಲ್ಲ ಕಲ್ಪಿಸಿಕೊಳ್ಳಬೇಡಿ. ಒಂದು ಮೇಜು, ಹಿಂದೆ ಜೋಳದ ಚೀಲಗಳು, ಕೆಳಗೆ ಒಂದು ಉದ್ದನೆಯ ಚಾಪೆ. ಗುಮಾಸ್ತ ಮೌಲಾಸಾಬ ಮೂಲೆಯಲ್ಲಿ ಕುಳಿತು ಇದೇ ಗೋಧಿ ಅಂಟಿನಿಂದ ಹರಿದ ಕಾಗದಗಳಿಗೆ ತೇಪೆ ಹಚ್ಚುತ್ತಿದ್ದ. ಮೇಜು ವಕೀಲರದು, ಚೀಲದ ಮೇಲಿನ ಜಾಗ ನನ್ನದು. ಕರೀ ಕೋಟು ಹೊಸದು, ಮೈಯಲ್ಲಿ ಬಿಸಿರಕ್ತ. ನನಗೆ ಗೊತ್ತಿಲ್ಲದ ಕಾನೂನು ಇನ್ನೂ ಹುಟ್ಟಿಲ್ಲ ಎಂಬ ಗುಮಾನಿಯೂ ಇತ್ತು.

ವಕೀಲರನ್ನು ಊರೆಲ್ಲ ಕಾಕಾ ಎನ್ನುತ್ತಿತ್ತು. ಅವರು ಹಿಡಿಯುತ್ತಿದ್ದುದು ಫೌಜದಾರಿ ಕೇಸು ಮಾತ್ರ, ಅದೂ ಆರೋಪಿಯ ಪರವಾಗಿ. ಹೊಲದ ದಾವೆ ತಂದವರಿಗೆ ಚಹಾ ಕುಡಿಸಿ ಬೇರೆ ವಕೀಲರ ಮನೆ ತೋರಿಸುತ್ತಿದ್ದರು.

"ನಿಮ್ಮ ಕೇಸು ಮೊಮ್ಮಕ್ಕಳ ಕಾಲಕ್ಕ ಮುಗೀತದರಿ. ಜೈಲಿಗೆ ಹೋಗಾಂವಗ ಅಷ್ಟು ಪುರಸೊತ್ತು ಇರೂದಿಲ್ಲ" ಎನ್ನುವರು.

ಅವರದೊಂದು ಪದ್ಧತಿಯಿತ್ತು. ಸಾಕ್ಷಿಗಳ ವಿಚಾರಣೆ ಮುಗಿದ ಮೇಲೆ ಮ್ಯಾಜಿಸ್ಟ್ರೇಟ್ ಸಾಹೇಬರು ಆರೋಪಿಯನ್ನು ನಿಲ್ಲಿಸಿ, ಯಾವ ಸಾಕ್ಷಿ ಏನು ಹೇಳಿದನೆಂದು ಒಂದೊಂದಾಗಿ ಓದಿ, ಇದಕ್ಕೆ ನೀನೇನು ಹೇಳುತ್ತೀ ಎಂದು ಕೇಳುತ್ತಾರೆ. ಉಳಿದ ವಕೀಲರು ತಮ್ಮ ಪಕ್ಷಗಾರರಿಗೆ ಇದಕ್ಕಾಗಿ ಕಲಿಸುತ್ತಿದ್ದುದು ಒಂದೇ ಶಬ್ದ. ಏನು ಕೇಳಿದರೂ "ಸುಳ್ಳರಿ" ಅನ್ನುವುದು. ಕಾಕಾ ಮಾತ್ರ ಹಿಂದಿನ ದಿನವೇ ಆರೋಪಿಯನ್ನು ಚಾಪೆಯ ಮೇಲೆ ಕೂರಿಸಿಕೊಂಡು, ಪ್ರತಿಯೊಂದು ಮಾತನ್ನೂ ಓದಿ, "ಇದು ಖರೇನೋ, ಸುಳ್ಳೋ?" ಎಂದು ಕೇಳುವರು. ಖರೆಯಾದದ್ದಕ್ಕೆ ಖರೆ ಅನ್ನು, ಸುಳ್ಳಾದದ್ದಕ್ಕೆ ಸುಳ್ಳು ಅನ್ನು, ಹೇಳಲು ಮನಸ್ಸಿಲ್ಲದಿದ್ದರೆ ಸುಮ್ಮನಿರು ಎನ್ನುವರು. ಅರ್ಧ ದಿನ ಅದಕ್ಕೇ ಹೋಗುತ್ತಿತ್ತು. ಚೀಲದ ಮೇಲೆ ಕುಳಿತ ನಾನು ಆಕಳಿಸುತ್ತಿದ್ದೆ.

ಸಿದ್ದಪ್ಪನ ಕೇಸು ಬಂದದ್ದು ಆ ದಿನಗಳಲ್ಲಿ. ಅಣ್ಣಿಗೇರಿ ದಾರಿಯಲ್ಲಿನ ಒಂದು ಸಣ್ಣ ಊರಿನ ಒಕ್ಕಲಿಗ. ಹೊಲದ ಬದುವಿನ ಮೇಲೆ ಜಗಳವಾಗಿ ಬಾಜು ಹೊಲದವನ ತಲೆ ಒಡೆದಿತ್ತು. ಬಡಿಗೆಯಿಂದ ಹೊಡೆದವನು ಸಿದ್ದಪ್ಪ ಎಂದು ಪೊಲೀಸರ ಆರೋಪ. ಅವರ ಮೂರನೆಯ ಸಾಕ್ಷಿ ಸಿದ್ದಪ್ಪನ ಸ್ವಂತ ಅಣ್ಣ ಬಸಪ್ಪ. ತಂದೆ ತೀರಿಕೊಂಡಾಗ ಐದು ವರ್ಷದವನಿದ್ದ ತಮ್ಮನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವನು. ಅವನು ಕಟಕಟೆಯಲ್ಲಿ ನಿಂತು ಕಂಡದ್ದನ್ನಷ್ಟೇ ಹೇಳಿದ್ದ: "ತಮ್ಮನ ಕೈಯಾಗ ಬಡಿಗಿ ಇತ್ತರಿ. ಹೊಡದದ್ದು ನಾ ನೋಡಿಲ್ಲ." ಅಂದಿನಿಂದ ಒಂದೇ ಮನೆಯಲ್ಲಿದ್ದೂ ಅಣ್ಣ ತಮ್ಮಂದಿರ ನಡುವೆ ಮಾತು ಕಡಿಮೆಯಾಗಿತ್ತು. ಮನೆ ಒಡೆಯುವುದೊಂದೇ ಬಾಕಿ ಎಂದು ಮೌಲಾಸಾಬ ಹೇಳುತ್ತಿದ್ದ.

ಸಿದ್ದಪ್ಪನ ಹೇಳಿಕೆಯ ಹಿಂದಿನ ದಿನ ಕಾಕಾ ಜ್ವರ ಬಂದು ಮಲಗಿದರು. "ಅವನ್ನ ಕೂಡಿಸಿಕೊಂಡು ಎಲ್ಲಾ ಓದಪಾ" ಎಂದು ಒಳಗಿನಿಂದಲೇ ಹೇಳಿ ಕಳಿಸಿದರು. ನಾನು ಓದಲಿಲ್ಲ. ಹೊರಗೆ ಕಟ್ಟೆಯ ಮೇಲೆ ನಿಂತೇ ಎರಡು ನಿಮಿಷದಲ್ಲಿ ಪಾಠ ಮುಗಿಸಿದೆ.

"ಸಾಹೇಬರು ಏನ ಕೇಳ್ಲಿ, ಸುಳ್ಳರಿ ಅನ್ನು. ಮತ್ತೊಂದು ಮಾತು ಬಾಯಾಗ ಬರಬಾರದು."

"ಎಲ್ಲಾದಕ್ಕೂ ಏನ್ರಿ?"

"ಎಲ್ಲಾದಕ್ಕೂ."

ಮರುದಿನ ಸಿದ್ದಪ್ಪ ಜಾಣ ವಿದ್ಯಾರ್ಥಿಯಂತೆ ನಿಂತ. ಮೊದಲನೆಯ ಸಾಕ್ಷಿ ಹೇಳಿದ್ದಕ್ಕೆ ಸುಳ್ಳರಿ. ಎರಡನೆಯದಕ್ಕೂ ಸುಳ್ಳರಿ. ನಾನು ಮನಸ್ಸಿನಲ್ಲೇ ನನ್ನ ಬೆನ್ನು ತಟ್ಟಿಕೊಳ್ಳುತ್ತಿದ್ದೆ. ಆಗ ಸಾಹೇಬರು ಓದಿದರು: "ಮೂರನೆಯ ಸಾಕ್ಷಿ ಬಸಪ್ಪ, ತಾನು ನಿನ್ನ ಅಣ್ಣನೆಂದೂ, ಚಿಕ್ಕಂದಿನಿಂದ ನಿನ್ನನ್ನು ಸಾಕಿದವನೆಂದೂ ಹೇಳಿದ್ದಾನೆ. ಇದಕ್ಕೇನು ಹೇಳುತ್ತೀ?"

ಸಿದ್ದಪ್ಪ ಬಾಯಿ ತೆರೆದು ಮುಚ್ಚಿದ. ನನ್ನ ಕಡೆ ನೋಡಿದ. ಹಿಂದಿನ ಬೆಂಚಿನಲ್ಲಿ ಬಸಪ್ಪ ಕುಳಿತಿದ್ದ. ಆ ಗಳಿಗೆಯಲ್ಲಿ ನಾನು ಎದ್ದು ನಿಂತು ಏನಾದರೂ ಹೇಳಬಹುದಿತ್ತು. ನಾನು ಮಾಡಿದ್ದು ಹೂಂ, ಅನ್ನು ಎಂಬಂತೆ ತಲೆಯಾಡಿಸಿದ್ದು.

"ಸುಳ್ಳರಿ" ಅಂದ ಸಿದ್ದಪ್ಪ. ದನಿ ಹೊರಗೆ ಬರಲಿಲ್ಲ, ಸಾಹೇಬರು ಇನ್ನೊಮ್ಮೆ ಕೇಳಬೇಕಾಯಿತು. ಇನ್ನೊಮ್ಮೆ ಅಂದ.

ಬಸಪ್ಪ ಹೆಗಲ ಮೇಲಿನ ಟವೆಲ್ಲು ಸರಿಪಡಿಸಿಕೊಂಡು ಎದ್ದು ಹೊರಗೆ ನಡೆದ. ಯಾರನ್ನೂ ನೋಡಲಿಲ್ಲ.

ಕೆಲವು ದಿನಗಳಲ್ಲಿ ತೀರ್ಪು ಬಂತು. ಏಟು ಬಿದ್ದದ್ದನ್ನು ಕಣ್ಣಾರೆ ಕಂಡವರಿಲ್ಲವೆಂದು ಬಿಡುಗಡೆ. ನಾನು ಪೇಢೆ ತಂದೆ. ಸಿದ್ದಪ್ಪ ಚಾಪೆಯ ಮೇಲೆ ಕುಳಿತವನು ಪೇಢೆ ಮುಟ್ಟಲಿಲ್ಲ.

"ಬಿಡುಗಡಿ ಆತು ಅಂತೀರಿ. ಕೋರ್ಟಿನ್ಯಾಗ ಆ ಮಾತು ಅಂದ ದಿನದಿಂದ ನಾ ಹೊಲದ ಗುಡಸಲದಾಗ ಮಲಗಾಕತ್ತೇನರಿ. ಯಾವ ಮಾರಿ ಹೊತಗೊಂಡು ಮನಿಗೆ ಹೋಗ್ಲಿ?" ಅಂದ.

ಕಾಕಾ ನನ್ನನ್ನು ನೋಡಿದರು. ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. "ಕೋಟು ತಗದಿಡು. ಅವರ ಊರಿಗೆ ಹೋಗೂಣು ನಡಿ" ಎಂದರು ಅಷ್ಟೇ.

ಬಸ್ಸಿಳಿದು ಎರೆಮಣ್ಣಿನ ದಾರಿಯಲ್ಲಿ ಮೂವರೂ ನಡೆದೆವು. ಮನೆ ಹತ್ತಿರವಾದಂತೆ ಸಿದ್ದಪ್ಪ ಹಿಂದೆ ಬಿದ್ದು, ಅಂಗಳದ ಆಚೆ ಚಕ್ಕಡಿಯ ಬಳಿ ನಿಂತುಬಿಟ್ಟ. ಬಸಪ್ಪ ಎತ್ತುಗಳಿಗೆ ಕಣಿಕಿ ಹಾಕುತ್ತಿದ್ದ. "ಬರ್ರಿ ಕಾಕಾ" ಎಂದು ಕಂಬಳಿ ಹಾಸಿದ. ಕಾಕಾ ಕುಳಿತು ನನ್ನತ್ತ ತಿರುಗಿದರು. ಮಾತಾಡಬೇಕಾದವನು ನಾನು ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.

"ತಪ್ಪು ನಂದರಿ. ಆ ಮಾತು ನಾನ ಕಲಿಸಿದ್ದು. ಸಿದ್ದಪ್ಪ ನನ್ನ ಕಡೆ ನೋಡಿದಾಗ ಮತ್ತ ಅದನ್ನ ಅನ್ನು ಅಂತ ತಲಿ ಆಡಿಸಿದಾಂವನೂ ನಾನ" ಎಂದೆ.

"ಗೊತ್ತದರಿ" ಅಂದ ಬಸಪ್ಪ. "ಅಂವ ತಾನಾಗಿ ಅನ್ನಾಂವ ಅಲ್ಲ. ಆವತ್ತ ಕೋರ್ಟಿನಿಂದ ಸಿಟ್ಟಿಗೆದ್ದು ಬಂದಿಲ್ಲರಿ ನಾ. ಅಂವ ಸುಳ್ಳು ಅಂದಾಗ ನನಗ ಅದು ಖರೇ ಅನಸ್ತು. ಅಣ್ಣ ಆದಾಂವ ತಮ್ಮನ ಮ್ಯಾಲೆ ಸಾಕ್ಷಿ ಹೇಳ್ತಾನೇನ್ರಿ?"

ಚಕ್ಕಡಿಯ ಬಳಿ ಸಿದ್ದಪ್ಪ ಮುಖ ಆಚೆ ತಿರುಗಿಸಿದ. ಭುಜಗಳು ಅಲುಗುತ್ತಿದ್ದವು. ಬಸಪ್ಪ ಕೈಗಂಟಿದ ಕಣಿಕಿಯನ್ನು ಧೋತರಕ್ಕೆ ಒರೆಸಿಕೊಂಡು, ನಮ್ಮ ತಲೆಯ ಮೇಲಿಂದ ಕೂಗಿದ: "ಲೇ ಸಿದ್ದ್ಯಾ, ಅಲ್ಲೇನ ನಿಂತಿ? ಮಂದಿ ಬಂದಾರ, ನೀರ ಕೊಡು ಬಾ."

ಸಿದ್ದಪ್ಪ ಬಂದ. ತಂಬಿಗೆ ಎಲ್ಲಿದೆಯೆಂದು ಅವನು ಕೇಳಲಿಲ್ಲ. ಸೀದಾ ಒಳಗೆ ಹೋಗಿ ತಂದ, ಮೊದಲು ಅಣ್ಣನ ಮುಂದೆ ಹಿಡಿದ. ಆ ಮನೆ ಒಡೆಯಲಿಲ್ಲ.

ಕಾಕಾ ಹೋಗಿ ಬಹಳ ವರ್ಷಗಳಾದವು, ಮೌಲಾಸಾಬನೂ ಇಲ್ಲ. ನಾನೂ ಕೋರ್ಟು ಬಿಟ್ಟಿದ್ದೇನೆ. ಇಷ್ಟು ವರ್ಷ ವಕೀಲರ ಕೋಣೆಯಲ್ಲಿ, ಮದುವೆಮನೆಗಳಲ್ಲಿ, ಬಸ್ಸುಗಳಲ್ಲಿ ಈ ಕಥೆಯನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲವೂ ಸಿದ್ದಪ್ಪ ಎರಡನೆಯ ಬಾರಿ "ಸುಳ್ಳರಿ" ಅನ್ನುವಲ್ಲಿಗೆ ನಿಲ್ಲಿಸುತ್ತಿದ್ದೆ. ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು ಜನ. ನಾನೂ ನಗುತ್ತಿದ್ದೆ. ನಾನು ತಲೆಯಾಡಿಸಿದ್ದನ್ನು ಯಾರಿಗೂ ಹೇಳಿರಲಿಲ್ಲ. ಬಸಪ್ಪನ ಅಂಗಳಕ್ಕೆ ಯಾರನ್ನೂ ಕರೆದೊಯ್ದಿರಲಿಲ್ಲ.

ಇವತ್ತು ನಿಮ್ಮನ್ನು ಕರೆದುಕೊಂಡು ಹೋದೆ. ಇನ್ನು ಆ ಕಥೆಯನ್ನು ನಗಿಸಲು ಹೇಳಲಾರೆ.