ಸೂಜಿಯಣ್ಣನ ರಬ್ಬರ್ ತುಂಡುಗಳು

ಸೂಜಿಯಣ್ಣನದು ಕೂತಲ್ಲಿ ಕೂರಲಾಗದ ಜಾಯಮಾನ. ಹಳೆಯ ರೆಕಾರ್ಡ್ ಪ್ಲೇಯರ್‌ಗಳಿಗೆ ಸೂಜಿ ಬದಲಿಸಿ ಬದಲಿಸಿಯೇ ಈ ಹೆಸರು ಅಂಟಿಕೊಂಡಿತ್ತು. ಮನೆಯ ಮುಂದಿನ ಕೋಣೆಯೇ ಅಂಗಡಿ. ಎಲ್ಲರಿಗೂ ಹಾಡು ಕೇಳಿಸಿದರೆ ಈ ಪುಣ್ಯಾತ್ಮನಿಗೆ ಹಾಡಿನ ಹಿಂದಿನ ಸದ್ದೆಲ್ಲ ಕೇಳಿಸುತ್ತಿತ್ತು. ಅವನ ಕಿವಿಗೆ ಎದುರಿಲ್ಲ ಎಂಬ ಮಾತಿನ ಮೇಲೆಯೇ ಅಂಗಡಿ ನಡೆಯುತ್ತಿತ್ತು.

ಆ ವಾರ ಸಂಗೀತದ ಟೀಚರಮ್ಮನ ಪ್ಲೇಯರ್ ಅವನ ತಲೆ ತಿನ್ನುತ್ತಿತ್ತು. ಅವರು ಕೊಟ್ಟದ್ದು ಬರೀ ಹೊಸ ಸೂಜಿ ಹಾಕಲು. ಅದರಲ್ಲಿ ಗುಂಯ್ ಎಂಬ ಸದ್ದಿದೆ ಎಂದು ಕಂಡುಹಿಡಿದದ್ದು ಇವನೇ. ಸೂಜಿ ಗೆರೆಯಲ್ಲಿ ಓಡುವಾಗ ಅದನ್ನು ಹಿಡಿದ ಕಾರ್ಟ್ರಿಜ್ ನಡುಗುತ್ತದೆ. ಆ ನಡುಕ ಪ್ಲೇಯರಿನ ಉದ್ದನೆಯ ತೋಳಿಗೆ ಹತ್ತಿ, ತೋಳು ಅದನ್ನು ತಿರುಗಿ ಕಾರ್ಟ್ರಿಜ್‌ಗೇ ಒಪ್ಪಿಸಿದರೆ ಹಾಡು ಕೆಡುತ್ತದೆ. ಅದಕ್ಕೇ ಅವನು ಎರಡರ ನಡುವೆ ಸೈಕಲ್ ಟ್ಯೂಬಿನ ತೆಳು ತುಂಡೊಂದನ್ನಿಟ್ಟು ಸ್ಕ್ರೂ ಬಿಗಿದ. ಗುಂಯ್ ಹೋಗಲಿಲ್ಲ. ಇನ್ನೊಂದು ತುಂಡು ಇಟ್ಟ. ಬೆಂಡು ಇಟ್ಟ, ಅದನ್ನು ಕಿತ್ತು ಮತ್ತೆ ರಬ್ಬರ್ ಇಟ್ಟ. ಊಟಕ್ಕೆ ಕೂತವನು ಎರಡು ತುತ್ತಿಗೇ ಎದ್ದು ಹೋಗುತ್ತಿದ್ದ.

"ಅದೇನು ಕಟ್ಕೊಂಡ ಹೆಂಡ್ತಿನಾ, ಬಿಟ್ಟಿರಕ್ಕಾಗಲ್ಲ ಅನ್ನೋಕೆ?" ಎಂದು ಹೆಂಡತಿ ರೇಗಿದಳು.

ಕೊನೆಗೊಂದು ಮಧ್ಯಾಹ್ನ, ಹಾಡು ಮುಗಿದ ಖಾಲಿ ಗೆರೆಯಲ್ಲಿ ಸೂಜಿ ಓಡುತ್ತಿರುವಾಗ, ಮರದ ಕಡ್ಡಿಯೊಂದನ್ನು ಹಲ್ಲಿನಲ್ಲಿ ಕಚ್ಚಿ ಅದರ ತುದಿಯನ್ನು ತೋಳಿಗೆ ತಾಗಿಸಿದ. ಕಿವಿಗಳಿಗೆ ಬೆರಳಿಟ್ಟು ಕಣ್ಣು ಮುಚ್ಚಿದ. ಹೀಗೆ ಮಾಡಿದರೆ ತೋಳಿನ ನಡುಕ ಹಲ್ಲಿನಿಂದ ನೇರ ತಲೆಗೇ ಬರುತ್ತದೆ. ಬಹಳ ಹೊತ್ತು ಹಾಗೇ ಕೂತಿದ್ದು, ಕಡ್ಡಿ ತೆಗೆದು, "ಸಿಕ್ಕಿಬಿತ್ತು! ತೋಳಿನಲ್ಲೇ ಇದೆ!" ಎಂದು ಕೂಗಿದ.

ಹೆಂಡತಿ ಇಸ್ತ್ರಿ ಪೆಟ್ಟಿಗೆ ಹಿಡಿದು ನಿಂತಿದ್ದಳು. "ಏನ್ರೀ ಸಿಕ್ಕಿದ್ದು? ಇಸ್ತ್ರಿಗೆ ಅಂತ ನಾನು ಆಗಲೇ ನಿಮ್ಮ ಪ್ಲಗ್ ಕಿತ್ತಿದ್ದೀನಲ್ಲ."

ರೆಕಾರ್ಡ್ ನಿಂತಿತ್ತು. ಗುಂಯ್ ಮಾತ್ರ ನಿಂತಿರಲಿಲ್ಲ. ಬೀದಿಗೆ ಹೋಗಿ ನೋಡಿದ, ಅಲ್ಲೂ ಇತ್ತು. ತಲೆಗೆ ತಣ್ಣೀರು ಸುರಿದುಕೊಂಡ, ಆಗಲೂ ಇತ್ತು. ಸದ್ದು ಪ್ಲೇಯರಿನದಲ್ಲ, ಅವನ ಕಿವಿಯದೇ. ಸೂಜಿಯಣ್ಣನ ಜೀವ ಬಾಯಿಗೆ ಬಂತು. ಕಿವಿ ಕೈಕೊಟ್ಟರೆ ಅವನ ಬಳಿ ಉಳಿಯುವುದು ಸ್ಕ್ರೂಡ್ರೈವರ್ ಒಂದೇ, ಅದು ಯಾರ ಮನೆಯಲ್ಲಿಲ್ಲ?

ಸಂಜೆ ಟೀಚರಮ್ಮ ಬರುವವರಿದ್ದರು. ಬೇರೆ ದಾರಿ ಕಾಣದೆ ಹೆಂಡತಿಗೆ ಎಲ್ಲ ಹೇಳಿ, "ನೀನೇ ಕೇಳಿ ಹೇಳು, ಸರಿಯಿದೆಯಾ ಅಂತ" ಎಂದ. ಹೇಳಿದ ಮೇಲೆ ಭಯ ಇನ್ನೂ ಹೆಚ್ಚಾಯಿತು. ಮದುವೆಯಾದಾಗಿನಿಂದ ಯಾವ ಪ್ಲೇಯರ್ ಕೇಳಿಸಿದರೂ ಅವಳದು ಒಂದೇ ಉತ್ತರ: "ಚೆನ್ನಾಗಿದೆ ಬಿಡ್ರೀ." ಒಲೆಯ ಮುಂದಿಂದ ಕತ್ತೂ ತಿರುಗಿಸದೆ ಹೇಳಿಬಿಡುತ್ತಿದ್ದಳು, ಅವನ ಬಾಯಿ ಮುಚ್ಚಿಸಲು. ಈಗಲೂ ಹಾಗೇ ಅಂದರೆ ನಂಬುವುದು ಹೇಗೆ?

ಅವಳು ಕೈ ಒರೆಸಿಕೊಂಡು ಬಂದು ಕೂತಳು. ಹಾಡು ಮುಗಿಯುವವರೆಗೂ ಅಲುಗಲಿಲ್ಲ.

"ಚೆನ್ನಾಗಿಲ್ಲ," ಅಂದಳು.

"ಏನಂದೆ?"

"ಗುಂಯ್ ಗಿಂಯ್ ಏನೂ ಇಲ್ಲ. ಆದ್ರೆ ಹಾಡೋರು ಬಾಯಿಗೆ ಬಟ್ಟೆ ಅಡ್ಡ ಇಟ್ಕೊಂಡ ಹಾಗಿದೆ. ಅಷ್ಟೊಂದು ರಬ್ಬರ್ ತುರುಕಿದ್ರೆ ಇನ್ನೇನಾಗತ್ತೆ? ತೆಗೀರಿ ಅದನ್ನ."

ಅವಳು ಅವನ ಕೆಲಸದಲ್ಲಿ ತಪ್ಪು ಹಿಡಿದದ್ದು ಅದೇ ಮೊದಲು. ಖುಷಿಗೆ ಅವನ ಕಣ್ಣು ತುಂಬಿ, ಸ್ಕ್ರೂಡ್ರೈವರ್ ಎರಡು ಸಲ ಜಾರಿತು.

"ಇನ್ನೊಂದ್ಸಲ ಹೇಳೇ," ಅಂದ, "ಚೆನ್ನಾಗಿಲ್ಲ ಅಂತ."