ಲಾರಿ ಚಕ್ರದ ಕಲ್ಲು ಮತ್ತು ಡ್ರಾಯಿಂಗ್ ಪೀರಿಯಡ್

ಶನಿವಾರ ಬೆಳಿಗ್ಗೆ ಹನ್ನೊಂದು ಇಪ್ಪತ್ತು. ಕಾನಹೊಸಹಳ್ಳಿಯ ಎಸ್‌ಟಿಡಿ ಬೂತಿನ ಮುಂದೆ ಕೂಡ್ಲಿಗಿ ಬಸ್ಸಿಗೆ ಕಾಯುತ್ತ ವಾಚು ನೋಡಿಕೊಂಡೆ. ತಲೆ ಎತ್ತಿದರೆ, ಎದುರು ಗ್ಯಾರೇಜಿನಲ್ಲಿ ನಿಂತ ಲಾರಿಯ ಪಕ್ಕ ನನ್ನ ಅಕ್ಕನ ಮಗಳು ಸುಮಾ ಕೂತಿದ್ದಾಳೆ. ತೊಡೆಯ ಮೇಲೊಂದು ಕಲ್ಲು, ಕಲ್ಲಿನ ಮೇಲೆ ಹಾಳೆ, ಕೈಯಲ್ಲಿ ಕರಿ ಕ್ರೆಯಾನ್.

ಲಾರಿಯ ಕೆಳಗಿನಿಂದ ಎರಡು ಕಾಲು ಹೊರಗೆ ಚಾಚಿದ್ದವು. ಮೆಕ್ಯಾನಿಕ್ ಬಾಷಾಸಾಬರದು.

ಆ ಕಲ್ಲು ಎಲ್ಲಿಂದ ಬಂತು? ನಿಮಗೆ ಆಗಲೇ ಹೊಳೆದಿರಬೇಕು. ನನಗೆ ಸ್ವಲ್ಪ ಹೊತ್ತು ಹಿಡಿಯಿತು. (ಎಂ.ಎ. ಮಾಡಿದ ತಲೆ ನೋಡಿ.)

ಶಾಲೆಯ ಡ್ರಾಯಿಂಗ್ ಸರ್ ಆ ವಾರ ಸುಮಾ ಓದುವ ಆರನೇ ಕ್ಲಾಸಿಗೆ ಟೆಕ್ಸ್ಚರ್ ಹೇಳಿಕೊಡುತ್ತಿದ್ದರು. "ಗೆರಿ ಕಣ್ಣಿಗೆ ಕಾಣ್ತೈತಿ. ಟೆಕ್ಸ್ಚರ್ ಕೈಗೆ ತಿಳಿಬೇಕು" ಎಂದು ಹಾಳೆ ಹಂಚಿ, ಒರಟಾದದ್ದು ಏನು ಸಿಕ್ಕರೂ ಅದರ ಮೇಲಿಟ್ಟು ಕ್ರೆಯಾನ್ ತಿಕ್ಕಿಕೊಂಡು ಬನ್ನಿ ಎಂದಿದ್ದರು. ಬೇವಿನ ತೊಗಟೆ, ಕಂಬಳಿ, ಜರಡಿ ಎಲ್ಲವೂ ಹಾಳೆಗೆ ಇಳಿದವು. ಸುಮಾಗೆ ಲಾರಿ ಟೈರು ಬೇಕಿತ್ತು. ಹತ್ತಿರ ಹೋದವಳಿಗೆ ಹಿಂದಿನ ಚಕ್ರಕ್ಕೆ ಅಡ್ಡ ಇಟ್ಟಿದ್ದ ಕಲ್ಲು ಇನ್ನೂ ಚೆಂದ ಕಂಡಿತು. ಮೈತುಂಬ ತೂತು, ಗೀರು. ಹ್ಯಾಂಡ್ ಬ್ರೇಕ್ ಹಿಡಿದಿದ್ದರಿಂದ ಕಲ್ಲಿನ ಮೇಲೆ ಭಾರವಿರಲಿಲ್ಲ, ಎಳೆದರೆ ಬಂತು. ಬಾಷಾಸಾಬರು ಕೆಳಗೆ ಬಿಚ್ಚುತ್ತಿದ್ದದ್ದು ಅದೇ ಬ್ರೇಕು.

ಬ್ರೇಕು ಸಡಿಲಾದದ್ದೇ ಲಾರಿ ಸದ್ದಿಲ್ಲದೆ ಹಿಂದಕ್ಕೆ ಸರಿಯಿತು. ಮುಂದಿನ ಚಕ್ರ ಆ ಕಾಲುಗಳ ಕಡೆಗೆ ಬರುತ್ತಿತ್ತು. ಅಷ್ಟು ನಿಧಾನವಾಗಿ, ಯಾರೋ ಕೈಹಿಡಿದು ನಡೆಸಿಕೊಂಡು ಬಂದ ಹಾಗೆ. "ಕಾಲು, ಕಾಲು" ಎಂದು ಕೂಗಿದೆನಂತೆ. ನನಗೆ ನೆನಪಿಲ್ಲ. ಕಾಲುಗಳು ಸರ್ರನೆ ಒಳಗೆ ಹೋದದ್ದು ಮಾತ್ರ ಈಗಲೂ ಕಣ್ಣು ಮುಚ್ಚಿದರೆ ಕಾಣುತ್ತದೆ. ಕೆಲವು ಸಲ ಆ ಕಾಲುಗಳು ಒಳಗೆ ಹೋಗುವುದೇ ಇಲ್ಲ.

ಲಾರಿ ಹಿಂದಿದ್ದ ಬೇವಿನ ಮರಕ್ಕೆ ಗುದ್ದಿ ನಿಂತಿತು. ಬಾಷಾಸಾಬರು ಎದ್ದು ಕೂತು ತಮ್ಮ ಮೊಣಕಾಲು ಮುಟ್ಟಿ ನೋಡಿಕೊಂಡರು. "ಕಲ್ಲು ತೆಗದಾವ ಯಾವನಲೇ?" ಎಂದವರು, ಕಲ್ಲು ತಬ್ಬಿಕೊಂಡು ನಿಂತ ಹುಡುಗಿಯನ್ನು ನೋಡಿ ಕೈ ಒರೆಸಿಕೊಳ್ಳತೊಡಗಿದರು.

ಸೋಮವಾರ ಶಾಲೆಯಲ್ಲಿ ಪಂಚಾಯ್ತಿ. "ಡ್ರಾಯಿಂಗ್ ಕಲ್ತು ಏನು ಬೋರ್ಡ್ ಬರಿಯಾಕ ಹೋಗ್ತಾರೇನ್ರಿ? ಲೆಕ್ಕ ಹೇಳಿಕೊಡ್ರಿ" ಎಂದರು ಒಬ್ಬ ಪೋಷಕರು. ಡ್ರಾಯಿಂಗ್ ಸರ್ ತಲೆ ತಗ್ಗಿಸಿ, "ಮುಟ್ಟಿ ನೋಡ್ರಿ ಅಂದಿದ್ದೆ. ಜಾಗ ಬಿಟ್ಟು ಕದಲಿಸಬ್ಯಾಡ್ರಿ ಅನ್ನೋದು ಹೊಳಿಲಿಲ್ಲರಿ" ಎಂದರು. ಪೀರಿಯಡ್ ನಿಂತಿತು.

ತಪ್ಪು ಯಾರದು? ಮನೆಯಲ್ಲಿ ಮುಟ್ಟಬೇಡ, ಅಂಗಡಿಯಲ್ಲಿ ಮುಟ್ಟಬೇಡ ಎಂದೇ ಮಕ್ಕಳನ್ನು ಬೆಳೆಸುತ್ತೇವೆ. ಒಬ್ಬ ಮೇಷ್ಟ್ರು ಮುಟ್ಟು ಎಂದರು. ಆ ಗ್ಯಾರೇಜಿನ ಮುಂದೆ ವರ್ಷಗಟ್ಟಲೆ ಬಸ್ಸಿಗೆ ಕಾದ ನಾನು ಒಂದು ದಿನವೂ ಆ ಕಲ್ಲು ನೋಡಿರಲಿಲ್ಲ. ಅವಳು ನೋಡಿದಳು. ಅಪಾಯ ಬಂದದ್ದು ನಿಜ. ಅಷ್ಟಕ್ಕೆ ನೋಡುವುದನ್ನೇ ನಿಲ್ಲಿಸಬೇಕೆ?

ಸುಮಾ ಮತ್ತೆ ಕ್ರೆಯಾನ್ ಮುಟ್ಟಲಿಲ್ಲ. ರಾತ್ರಿ ಬೆಚ್ಚಿ ಎದ್ದು, "ಚಿಗವ್ವ, ಚಾಚಾನ ಕಾಲು ಅದಾವಿಲ್ಲ?" ಎನ್ನುತ್ತಿದ್ದಳು. "ಅದಾವ" ಎನ್ನಲು ನಾನೂ ಎಚ್ಚರವಾಗಿಯೇ ಇರುತ್ತಿದ್ದೆ.

ಶುಕ್ರವಾರ ನಮಾಜು ಮುಗಿಸಿ ಬಾಷಾಸಾಬರು ಮನೆಗೆ ಬಂದರು. ಕಂಕುಳಲ್ಲಿ ಅದೇ ಕಲ್ಲು, ಕೈಯಲ್ಲಿ ಸುಮಾ ಗ್ಯಾರೇಜಿನಲ್ಲಿ ಬಿಟ್ಟು ಬಂದ ಹಾಳೆ.

"ಅರ್ಧಕ್ಕ ಬಿಟ್ಟೀಯಲ್ಲ ಬೇಟಿ, ಪೂರ್ತಿ ಮಾಡು. ಚಕ್ರಕ್ಕ ನಾನು ಬ್ಯಾರೆ ಕಲ್ಲು ಇಟ್ಟೀನಿ."

ಅವಳು ಅಲುಗಾಡಲಿಲ್ಲ. ಅವರು ಕಟ್ಟೆಯ ಮೇಲೆ ಕೂತು, ಚಪ್ಪಲಿ ಕಳಚಿ, ಹಾಳೆ ಮಗುಚಿ ನೆಲಕ್ಕೆ ಹಾಸಿ ಅದರ ಮೇಲೆ ಪಾದ ಊರಿದರು. "ಕಲ್ಲು ಬ್ಯಾಡಾದ್ರ ಇದನ್ನ ಬರಿ. ಬೆರಳು ಎಣಿಸ್ಕೊಂಡು ಬರಿ ಮತ್ತ. ಕಮ್ಮಿ ಬರದ್ರ ನಾನು ಒಪ್ಪಂಗಿಲ್ಲ."

ಸುಮಾ ಮೊದಲು ಹಿಮ್ಮಡಿಯ ಬಿರುಕು ಮುಟ್ಟಿದಳು. "ಒರಟು ಐತಿ ಚಾಚಾ." ಆಮೇಲೆ ಪಾದದ ಸುತ್ತ ಕರಿ ಗೆರೆ ಎಳೆದಳು, ಒಂದೊಂದೇ ಬೆರಳು. ಕಚಗುಳಿಗೆ ಬಾಷಾಸಾಬರು ಕಾಲು ಎಳೆದುಕೊಂಡರು. ಆ ವಾರದಲ್ಲಿ ಅವಳು ಮೊದಲ ಸಲ ನಕ್ಕದ್ದು ಆಗಲೇ.

ಅವತ್ತು ರಾತ್ರಿ ಸುಮಾ ಬೆಳಗಿನವರೆಗೂ ಏಳಲಿಲ್ಲ. ನಾನೂ ಏಳಲಿಲ್ಲ. ಪೀರಿಯಡ್ ಕಳೆದುಕೊಂಡ ಡ್ರಾಯಿಂಗ್ ಸರ್‌ಗೆ ನಿದ್ದೆ ಬಂತೇ ಎಂದು ನಮ್ಮೂರಲ್ಲಿ ಯಾರಾದರೂ ಕೇಳಿದ್ದಾರೆಯೇ?