ಪೆಟ್ಟಿಗೆಯ ಮೇಲಿನ ನಂಬರು

ಕೋವಿಡ್ ಮುಗಿದ ಎರಡನೆಯ ವರ್ಷ. ನಾನು ಆಗ ದುಬೈನ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ಸೀನಿಯರ್ ಟೆಸ್ಟರ್. ಅದಕ್ಕೂ ಮೊದಲು ಅಲ್ಲಿನ ಚೌಕಾಸಿಯ ಪೇಟೆ ಕರಾಮದ ಬ್ಯಾಗ್ ಅಂಗಡಿಯಲ್ಲಿ ಸೇಲ್ಸ್‌ಮನ್ ಆಗಿದ್ದೆ; ಟೆಸ್ಟಿಂಗ್ ಕಲಿತದ್ದು ಬೆಡ್‌ಸ್ಪೇಸ್‌ನ, ಅಂದರೆ ಹಂಚಿಕೊಂಡ ಕೋಣೆಯ ಬಾಡಿಗೆ ಮಂಚದ ಮೇಲೆ ಕೂತು, ನಾನಾಗಿಯೇ. ಅಂಗಡಿ ನನಗೆ ಕಲಿಸಿದ್ದು ಇಷ್ಟು: ಎದುರಿನವನು ಮೊದಲ ಬೆಲೆಗೇ ಒಪ್ಪಿದರೆ ಮಾಲನ್ನು ಇನ್ನೊಮ್ಮೆ ತಿರುಗಿಸಿ ನೋಡಬೇಕು.

ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದಲ್ಲಿ ಕಚೇರಿ ಇಟ್ಟಿದ್ದ ಜಯಂತಣ್ಣ ನಮ್ಮ ಗಿರಾಕಿ. ಉಡುಪಿ ಕಡೆಯವರು. ಇಲ್ಲಿ ತೀರಿಕೊಂಡವರನ್ನು ಊರಿಗೆ ಕಳಿಸುವ ಕಾಗದಪತ್ರದ ಕೆಲಸ ಅವರದು. ಮರಣದ ನೋಂದಣಿ, ವೀಸಾ ರದ್ದತಿ, ದೇಹ ಕೆಡದಂತೆ ಮಾಡುವ ಎಂಬಾಮಿಂಗ್, ವಿಮಾನದ ಕಾರ್ಗೋ. ಒಂದು ಮುಗಿಯದೆ ಇನ್ನೊಂದಿಲ್ಲ.

ಈ ಸರಪಳಿಯನ್ನು ನಾವು ಎಪಿಐಗೆ, ಅಂದರೆ ಕಂಪ್ಯೂಟರುಗಳು ತಮ್ಮೊಳಗೇ ಕೇಳಿ ಹೇಳಿಕೊಳ್ಳುವ ವ್ಯವಸ್ಥೆಗೆ ತಂದಿದ್ದೆವು. ಮೊದಲ ರಿಕ್ವೆಸ್ಟ್ ಮೃತರ ವಿವರ ಕಳಿಸುತ್ತದೆ. ಉತ್ತರವಾಗಿ ಒಂದು ಕೇಸ್ ನಂಬರ್ ಬರುತ್ತದೆ. ಪುಟ್ಟ ಸ್ಕ್ರಿಪ್ಟೊಂದು ಅದನ್ನು ಎತ್ತಿ ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ ಇಡುತ್ತದೆ. ಹೆಸರು ಬರೆದಿಟ್ಟ ಡಬ್ಬಿ ಎಂದುಕೊಳ್ಳಿ. ಮುಂದಿನ ರಿಕ್ವೆಸ್ಟ್‌ಗಳೆಲ್ಲ ನಂಬರನ್ನು ಆ ಡಬ್ಬಿಯಿಂದಲೇ ತೆಗೆದುಕೊಳ್ಳುತ್ತವೆ. ಎಲ್ಲ ಸರಿಯಾದರೆ ಟೆಸ್ಟಿಂಗ್ ಟೂಲ್‌ನಲ್ಲಿ ಹಸಿರು ಬಣ್ಣ.

ಜಯಂತಣ್ಣನ ಸಿಬ್ಬಂದಿ ಬಳಸಬೇಕಿದ್ದ ಸ್ಕ್ರೀನ್‌ಗಳು ಇನ್ನೂ ಸಿದ್ಧವಾಗಿರಲಿಲ್ಲ. ಕೆಲಸ ನಿಲ್ಲಬಾರದೆಂದು ನಮ್ಮ ಡೆವಲಪರ್ ಕವಿತಾ ಟೂಲ್‌ನ ಎನ್ವಿರಾನ್‌ಮೆಂಟನ್ನು ‘ಟೆಸ್ಟ್’ನಿಂದ ‘ಲೈವ್’ಗೆ ಬದಲಿಸಿ ನಿಜವಾದ ಕೇಸುಗಳನ್ನೇ ಕಳಿಸುತ್ತಿದ್ದಳು. ಇಂಥ ಅಡ್ಡದಾರಿ ಇಲ್ಲದ ಕಚೇರಿಯನ್ನು ನಾನು ನೋಡಿಲ್ಲ.

ಆ ದಿನ ನಾನೂ ಕವಿತಾಳೂ ಜಯಂತಣ್ಣನ ಕಚೇರಿಯಲ್ಲೇ ಇದ್ದೆವು. ಬೆಳಿಗ್ಗೆ ಬೇರೊಬ್ಬರ ಕೇಸ್ ಹೋಗಿತ್ತು. ಮಧ್ಯಾಹ್ನ ಫ್ಲಾವಿಯಾಬಾಯಿ ಬಂದರು. ಆಸ್ಪತ್ರೆಯೊಂದರಲ್ಲಿ ನರ್ಸ್. ಗಂಡ ವಿನ್ಸೆಂಟ್ ಇಲ್ಲೇ ಖಾಲಿದಿಯಾದ ಮನೆಯಲ್ಲಿ ಎದೆನೋವಿನಿಂದ ತೀರಿಹೋಗಿದ್ದರು. ಸಂಜೆಯ ಮಂಗಳೂರು ವಿಮಾನಕ್ಕೆ ಕಳಿಸಬೇಕು. ನಾಲ್ಕಕ್ಕೆ ಕಾರ್ಗೋ ಮುಚ್ಚುತ್ತದೆ. ಊರಿನಲ್ಲಿ ವಿನ್ಸೆಂಟರ ತಾಯಿ ಕಾಯುತ್ತಿದ್ದರು.

ಕವಿತಾ ಸರಪಳಿ ಓಡಿಸಿದಳು. ಎಲ್ಲ ಹಸಿರು. ಆದರೆ ಕೇಸ್ ನಂಬರ್ ಕೊಡುವ ಸರ್ವರಿನವರು ಸ್ವಲ್ಪ ಹೊತ್ತಿನ ಮೊದಲಷ್ಟೇ ತಮ್ಮ ಕಡೆ ಏನೋ ಬದಲಾಯಿಸಿದ್ದರು. ಅಂಥ ದಿನವೂ ಒಂದು ತಕರಾರಿಲ್ಲದೆ ಹಸಿರು ಬಂದದ್ದು ನನಗೆ ಹಿಡಿಸಲಿಲ್ಲ.

“ಜಯಂತಣ್ಣ, ಅರ್ಧ ಗಂಟೆ ಕೊಡಿ. ಇನ್ನೊಂದ್ಸಲ ನೋಡ್ತೀನಿ.”

“ಹಸಿರು ಬಂತಲ್ಲ ಮಾರಾಯ್ರೆ, ಖಲಾಸ್. ಇನ್ನೆಂತ ನೋಡುದು? ಫ್ಲಾವಿಯಾಬಾಯಿ ಹೊರಗೆ ಕೂತಿದ್ದಾರೆ, ನಿಮ್ದು ಇಲ್ಲಿಯೂ ಕರಾಮದ ಚೌಕಾಸಿಯಾ?”

“ಕಾಲು ಗಂಟೆ.”

“ಹತ್ತು ನಿಮಿಷ. ಮತ್ತೆ ಕೇಳ್ಬೇಡಿ.”

ನನಗೆ ಬೇಕಿದ್ದದ್ದೂ ಹತ್ತೇ ನಿಮಿಷ.

ನಂಬರ್ ಕೊಟ್ಟು ಹೆಸರು ಕೇಳುವ ಇನ್ನೊಂದು ರಿಕ್ವೆಸ್ಟ್ ಕಳಿಸಿದೆ. ಬಂದದ್ದು ವಿನ್ಸೆಂಟರ ಹೆಸರಲ್ಲ, ಬೆಳಗಿನವರದು. ಸರ್ವರಿನ ಹೊಸ ಉತ್ತರದಲ್ಲಿ ಕೇಸ್ ನಂಬರಿನ ಜಾಗ ಬದಲಾಗಿತ್ತು. ಸ್ಕ್ರಿಪ್ಟ್ ಹಳೆಯ ಜಾಗದಲ್ಲಿ ಹುಡುಕಿ, ಸಿಗದೆ, ಸುಮ್ಮನಾಗಿತ್ತು. ಡಬ್ಬಿಯಲ್ಲಿ ಬೆಳಗಿನ ನಂಬರೇ ಉಳಿದಿತ್ತು. ಮುಂದಿನವು ಅದನ್ನೇ ಹಿಡಿದು ಆ ಅಪರಿಚಿತರನ್ನು ಮಂಗಳೂರಿನ ವಿಮಾನಕ್ಕೆ ಬುಕ್ ಮಾಡಿದ್ದವು. ಶವಾಗಾರದಲ್ಲಿ ಯಾರಾದರೂ ಹಿಡಿಯುತ್ತಿದ್ದರೇನೋ. ಆ ‘ಏನೋ’ ಒಂದನ್ನು ನಂಬಿ ಹೆಣ ಕಳಿಸಲಾಗುವುದಿಲ್ಲ.

ಎರಡೂ ಕೇಸುಗಳನ್ನು ಸರಿಪಡಿಸುವಷ್ಟರಲ್ಲಿ ನಾಲ್ಕು ದಾಟುವುದು ಖಚಿತವಾಗಿತ್ತು.

“ಸಿಸ್ಟಂ ಡೌನ್ ಅಂತ ಹೇಳುವ,” ಎಂದರು ಜಯಂತಣ್ಣ, ದನಿ ತಗ್ಗಿಸಿ. “ಪಾಪ, ಇದನ್ನೆಲ್ಲ ಫ್ಲಾವಿಯಾಬಾಯಿಗೆ ಹೇಳುದು ಬೇಡ.”

“ನಾಳೆ ಬೇರೆಯವರಿಂದ ಗೊತ್ತಾದ್ರೆ ನಿಮ್ಮನ್ನ ಯಾರೂ ನಂಬಲ್ಲ. ಇವತ್ತು ನಾವೇ ಹೇಳಿದ್ರೆ ಒಬ್ಬರಾದ್ರೂ ನಂಬ್ತಾರೆ,” ಎಂದೆ. ಅವರು ವ್ಯಾಪಾರಸ್ಥರು, ಲೆಕ್ಕ ಅರ್ಥವಾಯಿತು. ಎದ್ದು, ತಾವೇ ಬಾಗಿಲು ತೆರೆದು ಆಕೆಯನ್ನು ಒಳಗೆ ಕರೆದು ನಡೆದದ್ದನ್ನು ಹೇಳಿದರು.

ಫ್ಲಾವಿಯಾಬಾಯಿ ಪೂರ್ತಿ ಕೇಳಿಸಿಕೊಂಡರು. ಸಿಟ್ಟಾಗಲಿಲ್ಲ. ಕವಿತಾ ಬೆಳಗಿನವರ ತಪ್ಪು ಬುಕಿಂಗ್ ರದ್ದುಮಾಡಿ, ಡಬ್ಬಿ ಖಾಲಿ ಮಾಡಿ, ಸ್ಕ್ರಿಪ್ಟ್ ತಿದ್ದಿ, ವಿನ್ಸೆಂಟರ ಕೇಸನ್ನು ಮರುದಿನದ ವಿಮಾನಕ್ಕೆ ಮತ್ತೆ ಓಡಿಸಿದಳು. “ಹೆಸರು ನನಗೆ ತೋರಿಸಿ,” ಎಂದರು ಫ್ಲಾವಿಯಾಬಾಯಿ. ಸ್ಕ್ರೀನಿನ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ಓದಿದರು.

“ಹೌದು, ಇವರೇ,” ಎಂದರು. ಬೆರಳು ತೆಗೆದು ನಮ್ಮ ಕಡೆ ತಿರುಗಿ ಹೇಳಿದರು: “ಪೆಟ್ಟಿಗೆ ತೆರೀಬೇಡಿ ಅಂತ ಇಲ್ಲಿಂದಲೇ ಹೇಳಿ ಕಳಿಸ್ತಾರಲ್ಲ? ಅತ್ತೆ ಯಾರಿಗೋ ಅತ್ತು ಮಣ್ಣು ಹಾಕ್ತಿದ್ರು. ಯಾರಿಗೂ ಗೊತ್ತಾಗ್ತಿರಲಿಲ್ಲ. ನಾಳೆ ಹೋಗ್ಲಿ. ಅವರೇ ಹೋಗ್ಲಿ.”

ಟೆಸ್ಟಿಂಗಿಗೆ ಬರುವವರಿಗೆ ನಾನು ಹೇಳುವುದು ಇದನ್ನೇ. ಓಡಿಸುವ ಮೊದಲು ಹಳೆಯ ವೇರಿಯಬಲ್ ಖಾಲಿ ಮಾಡಿ. ಹೊಸ ನಂಬರ್ ಸಿಗದಿದ್ದರೆ ಸರಪಳಿ ಅಲ್ಲೇ ನಿಲ್ಲಲಿ. ಹಸಿರು ಬಂದರೆ ಉತ್ತರ ಬಂದಿದೆ ಎಂದಷ್ಟೇ ಅರ್ಥ. ಯಾರ ಬಗೆಗಿನ ಉತ್ತರ ಎಂಬುದನ್ನು ನಾವೇ ಕೇಳಬೇಕು. ಈಗ ನನ್ನ ಪ್ರತಿ ಸರಪಳಿಯ ಕೊನೆಗೂ ಹೆಸರು ಕೇಳುವ ಒಂದು ರಿಕ್ವೆಸ್ಟ್ ಇರುತ್ತದೆ. ಅದು ದಂಡ, ಸಮಯ ತಿನ್ನುತ್ತದೆ, ತೆಗೆಯೋಣ ಎಂದು ಪ್ರತಿ ಪ್ರಾಜೆಕ್ಟಿನಲ್ಲೂ ಯಾರಾದರೂ ಚೌಕಾಸಿಗೆ ಬರುತ್ತಾರೆ. ಬೇರೆ ಏನು ಬೇಕಾದರೂ ಬಿಟ್ಟುಕೊಡುತ್ತೇನೆ. ಅದೊಂದರಲ್ಲಿ ಇಳಿಯುವುದಿಲ್ಲ.